ಮುಟ್ಟುಗೋಲು

"ಕರೆಂಟ್ ಹೋಗಿ ಯಂತ್ರ ನಿಂತರೂ ಠೇವಣಿ ಮುಟ್ಟುಗೋಲಾ? ಯಾವ ನಾಯಿ ಬರೆದ ನಿಯಮ ಇದು?" ತಿಪ್ಪೇಶ ತಂಗಿಯ ಗಂಡನ ಕೊರಳಪಟ್ಟಿ ಹಿಡಿದ.

"ನಾನೇ, ಭಾವ. ಒಬ್ಬೊಬ್ಬರಿಂದ ಠೇವಣಿ ಪಡೆದು ಮನೆಮನೆಯ ಕಂಪ್ಯೂಟರ್ ಸೇರಿಸಿ ಕಟ್ಟಿದ ಜಾಲ, ಇವತ್ತು ಶುರುವಾಯ್ತು. ನಿಂತವನ ಠೇವಣಿ ಕಿತ್ತುಕೊಂಡರೇ ಉಳಿದವರಿಗೆ ಪ್ರತಿಫಲ ಏರಿಸೋಕಾಗೋದು. ನಿಯಮಕ್ಕೆ ಬೀಗ ಬಿದ್ದಾಯ್ತು, ಇನ್ನು ನಾನೂ ತಿದ್ದೋಕಾಗಲ್ಲ."

"ಹಾಗಾದ್ರೆ ಮೊದಲು ನಿಂದೇ ಹೋಗ್ಲಿ."

ತಿಪ್ಪೇಶ ಹಾರೆ ಎತ್ತಿ, ತನ್ನ ಮನೆಯಲ್ಲೇ ಅವನು ಇಟ್ಟಿದ್ದ ಯಂತ್ರವನ್ನು ಚಚ್ಚಿದ. ಅಡ್ಡ ಬಂದ ಕೈಯೂ ಮುರಿಯಿತು. ತಿಪ್ಪೇಶನ ಫೋನಿನಲ್ಲಿ ಸುದ್ದಿ ಮೂಡಿತು: ಒಂದು ಠೇವಣಿ ಮುಟ್ಟುಗೋಲು.

"ಈಗ ಗೊತ್ತಾಯ್ತಾ ಉರಿ?"

ಮುರಿದ ಕೈಯನ್ನು ಎದೆಗೊತ್ತಿಕೊಂಡು ಹೊರಟವನು ಮತ್ತೆಂದೂ ಆ ಬಾಗಿಲಿಗೆ ಬರಲಿಲ್ಲ. ಹೊಸ್ತಿಲಲ್ಲಿ ಹೇಳಿದ್ದು ಇಷ್ಟೇ:

"ಆ ಠೇವಣಿ ನಿಮ್ಮ ತಂಗಿ ಹೆಸರಲ್ಲಿತ್ತು, ಭಾವ. ಮದುವೆಗೆ ನೀವು ಹಾಕಿದ ಬಂಗಾರ ಮಾರಿ ಅವಳೇ ಕಟ್ಟಿದ್ಲು."