ತಾಯಿ ಚಿಟ್ಟೆ ನೋಡುವವಳು

“ಈ ಸ್ಲೈಡ್ ನೋಡಿದ್ರೆ ನಿಮಗೇನು ಗೊತ್ತಾಗುತ್ತಮ್ಮ? ರಿಪೋರ್ಟ್ ಬರೆದು ಕೊಡ್ತೀನಿ, ಯಾರ ಹತ್ರನಾದ್ರೂ ಓದಿಸ್ಕೊಳ್ಳಿ,” ಎಂದರು ಡಾಕ್ಟರ್ ಹರಿಣಿ.

ತಾನು ಶಿಡ್ಲಘಟ್ಟದಲ್ಲಿ ರೇಷ್ಮೆ ಮೊಟ್ಟೆ ಮಾಡಿ ಮಾರುವ ಬಿತ್ತನೆ ಕೋಠಿಯವಳು, ಮೂವತ್ತು ವರ್ಷದಿಂದ ರೇಷ್ಮೆಯ ತಾಯಿ ಚಿಟ್ಟೆ ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುವುದೇ ಕೆಲಸ ಎಂದಳು ಗಂಗುಲಮ್ಮ. ತಾಯಿಯಿಂದ ಮೊಟ್ಟೆಗೆ ಇಳಿಯುವ ಗಂಟುರೋಗದ ಒಂದು ಕಾಳು ಕಂಡರೂ ಸಾಕು, ಆ ಚಿಟ್ಟೆ ಇಟ್ಟ ಮೊಟ್ಟೆಯೆಲ್ಲ ಒಲೆಗೆ. ಈಗ ಗಂಡ ವೆಂಕಟರವಣಪ್ಪನಿಗೆ ರಕ್ತದ ಕ್ಯಾನ್ಸರ್. ಸೊಂಟದ ಮೂಳೆಯಿಂದ ಎರಡನೇ ಸಲ ಮಜ್ಜೆ ತೆಗೆಸಿಕೊಂಡವನು ಒಂದೇ ಹಟ ಹಿಡಿದಿದ್ದ: ನಿನ್ನ ಕಣ್ಣಿಂದ ನೋಡು, ಕೆಟ್ಟಿದ್ದರೆ ಔಷಧಿ ಬಿಟ್ಟು ನಮ್ಮೂರು ಮೇಲೂರಿಗೆ ಹೋಗಿಬಿಡೋಣ.

ಹರಿಣಿ ನಗುತ್ತ ಮೈಕ್ರೋಸ್ಕೋಪಿನ ಮುಂದಿನ ಕುರ್ಚಿ ಬಿಟ್ಟುಕೊಟ್ಟರು. ಗಂಗುಲಮ್ಮನ ಬೆರಳು ತಿರುಪು ತಿರುಗಿಸಿದ ರೀತಿ ಕಂಡು ಅವರ ನಗು ನಿಂತಿತು. ಹೋದ ವರ್ಷದ ಸ್ಲೈಡಿನಲ್ಲಿ ಅಲ್ಲೊಂದು ಇಲ್ಲೊಂದು ಕಪ್ಪು ಎಳೆ. ಗೂಡು ಕಟ್ಟುವ ಮೊದಲು ಹುಳ ಎಸೆಯುತ್ತದಲ್ಲ, ಹಾಗೆ. ಈ ಸಲದ್ದರಲ್ಲಿ ಎಳೆಗೆ ಎಳೆ ಹೆಣೆದು ಗೂಡೇ ಮುಚ್ಚಿಹೋಗಿತ್ತು.

ಮಜ್ಜೆಯಲ್ಲಿ ನಾರು ಬೆಳೆದಷ್ಟೂ ರಕ್ತ ಹುಟ್ಟುವ ಜಾಗ ಕಮ್ಮಿ ಎಂದರು ಹರಿಣಿ. ಹಳೆಯ ಔಷಧಿ ಸಾಲದು. ಹೊಸದನ್ನು ತಪ್ಪದೆ ನುಂಗಿದರೆ ಇನ್ನೆರಡು ವರ್ಷ ಸಿಕ್ಕೀತು, ಬಿಟ್ಟರೆ ಈ ವರ್ಷ ದಾಟುವುದೇ ಕಷ್ಟ.

ವೆಂಕಟರವಣಪ್ಪ ಆಗಲೇ ಚೀಲ ಹೆಗಲಿಗೇರಿಸಿ ಬಾಗಿಲ ಹತ್ತಿರ ನಿಂತಿದ್ದ.

“ನೋಡಿದ್ಯೇನೇ?”

ಕಂಡದ್ದನ್ನು ಕಂಡಿಲ್ಲ ಅಂದವಳಲ್ಲ ಗಂಗುಲಮ್ಮ. “ನೋಡ್ದೆ. ಹೋದ ಸಲಕ್ಕಿಂತ ಕೆಟ್ಟಿದೆ.”

“ಹಂಗಾದ್ರೆ ಒಲೆಗೇ. ನಿಮ್ಮ ಕೋಠಿ ಕಾನೂನು ಅದೇ ತಾನೆ? ನಡಿ, ಬಸ್ಸು ಸಿಗುತ್ತೆ.”

ಅವಳು ಕದಲಲಿಲ್ಲ. “ಅಲ್ಲಿ ಸುಡೋದು, ಮೊಟ್ಟೆ ಕೊಂಡೋರ ಮನೆ ಹುಳಕ್ಕೆಲ್ಲ ಹತ್ತಬಾರದು ಅಂತ ಕಣ್ರೀ. ನಿಮ್ಮದು ಯಾರಿಗೆ ಹತ್ತುತ್ತೆ? ಪಕ್ಕದಲ್ಲಿ ಮಲಗೋಳು ನಾನೇ ಗುಂಡುಕಲ್ಲಿನಂಗಿದೀನಿ.”

ವೆಂಕಟರವಣಪ್ಪ ಔಷಧಿ ಕಿಟಕಿಯ ಮುಂದಿನ ಉದ್ದ ಸಾಲನ್ನು ನೋಡಿದ. ಸೊಂಟ ಹಿಡಿದುಕೊಂಡು ನಿಧಾನಕ್ಕೆ ಅಲ್ಲಿಗೆ ಹೋದ. ಕೊನೆಯವನ ಹಿಂದೆ ತನ್ನ ಸರದಿಗೆ ಚೀಲ ಇಳಿಸಿ, ವಾಪಸು ಬಂದು ಬೆಂಚಿನ ಮೇಲೆ ಕೂತ.