ನಾಲ್ಕು ಸಾಲು ಹೊಲಿಗೆ

ಮೊದಲ ಹನಿ ದರ್ಜಿಯ ಕತ್ತಿನ ಹಿಂದೆ ಬಿತ್ತು. ಎರಡನೆಯದು ಮೂಗಿನ ತುದಿಗೇ. ಕಾರಿನೊಳಗೆ ಮುದುಡಿ ಕೂತಿದ್ದ ಅವನು ಟಾರ್ಚನ್ನು ಮುಂಗಾಜಿನ ಚೌಕಟ್ಟಿನ ಮೇಲೆ ಆಡಿಸಿದ. ರಬ್ಬರ್ ಪಟ್ಟಿಯ ಉದ್ದಕ್ಕೂ ಸವರಿದ್ದ ಪೌಡರು ಒಣಗಿ ಬೆಳ್ಳಗೆ ಹಾಗೇ ಇತ್ತು. ನೀರು ಅಲ್ಲಿಂದ ಇಳಿದಿದ್ದರೆ ಅದರ ಮೇಲೆ ಗೆರೆ ಮೂಡಬೇಕಿತ್ತು. ಗೆರೆಯಿಲ್ಲ, ಆದರೆ ಹನಿ ಮಾತ್ರ ಬೀಳುತ್ತಿದೆ.

"ಏನ್ರೀ, ಒಳಗೇ ನಿದ್ದೆ ಹೋದ್ರಾ?" ಹೊರಗೆ ಪೈಪು ಹಿಡಿದಿದ್ದ ಹೆಂಡತಿ ಕೂಗಿದಳು. "ಅರ್ಧ ಗಂಟೆಯಿಂದ ಹೊಯ್ತಾ ಇದ್ದೀನಿ. ಎಮ್ಮೆಗೂ ಇಷ್ಟು ಸ್ನಾನ ಯಾರೂ ಮಾಡಿಸಲ್ಲ."

"ಇನ್ನೊಂದು ಸ್ವಲ್ಪ ಹೊಯ್ಯೇ."

"ಬೇಗ ಹೇಳಿ, ಸೋರ್ತಿದೆಯೋ ಇಲ್ವೋ? ಅಣ್ಣ ಅಲ್ಲಿ ಉಸಿರು ಬಿಗಿ ಹಿಡಿದು ಕೂತಿದ್ದಾನೆ."

ಅವಳಣ್ಣ ವೆಲ್ಡರ್. ಹಳೆಯ ಕಾಲದ ಎರಡು ಸೀಟಿನ ರೇಸ್ ಕಾರೊಂದನ್ನು ಚಿತ್ರದಲ್ಲಿ ಕಂಡು ಮನಸೋತು, ಪೈಪು ಬಗ್ಗಿಸಿ, ಫೈಬರ್ ಹೊದಿಸಿ, ಗುಜರಿ ಎಂಜಿನ್ನು ಕೂರಿಸಿ, ಅದರ ಪಡಿಯಚ್ಚನ್ನೇ ನಾಲ್ಕು ವರ್ಷದಲ್ಲಿ ಕಟ್ಟಿದವನು. ಮಡಚುವ ಕ್ಯಾನ್ವಾಸ್ ಟಾಪೊಂದು ಮಾತ್ರ ತಂಗಿಯ ಗಂಡನ ಕೈಕೆಲಸ. ಮೊದಲ ಮಳೆಗೇ ಸೀಟು ತೊಯ್ದು ತೊಪ್ಪೆಯಾಯಿತು. ನೀರು ತೊಟ್ಟಿಕ್ಕುತ್ತಿದ್ದುದು ಮುಂಗಾಜಿನ ಅಂಚಿನಿಂದ. ಎಲ್ಲರೂ ಕಣ್ಣಾರೆ ಕಂಡಿದ್ದರು. ವೆಲ್ಡರ್ ಚೌಕಟ್ಟನ್ನು ಕತ್ತರಿಸಿ ಮತ್ತೆ ಬೆಸೆದ. ತನ್ನ ಪಾಲಿನದೂ ಇರಲಿ ಎಂದು ದರ್ಜಿ ಟಾಪಿಗೆ ಇನ್ನೊಂದು ಸಾಲು ಹೊಲಿಗೆ ಹಾಕಿದ. ಮತ್ತೆ ಸೋರಿತು. ಮತ್ತೆ ಅವನು ಬೆಸೆದ, ಇವನು ಹೊಲಿದ. ಮೂರು ಸಲ ಹೀಗೇ ಆಗಿ, ಸೋರುವುದು ಕಡಿಮೆಯಾಗುವ ಬದಲು ಹೆಚ್ಚಾದಾಗ, ದರ್ಜಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟಿದ್ದ: "ಬೇಜಾರು ಮಾಡ್ಕೋಬೇಡಿ ಭಾವ, ನಿಮ್ಮ ಕಣ್ಣು ಮೊದಲಿನ ಹಾಗಿಲ್ಲ."

ಅಂದವನು ಮರೆತ, ಅನ್ನಿಸಿಕೊಂಡವನ ಎದೆಯಲ್ಲಿ ಅದು ಬೇರು ಬಿಟ್ಟಿತು. ವೆಲ್ಡರ್ ಒಂದೇ ಅಳತೆಯನ್ನು ಮೂರು ಮೂರು ಸಲ ನೋಡತೊಡಗಿದ. ಹುಡುಕಿಕೊಂಡು ಬಂದ ಗೇಟು, ಗ್ರಿಲ್ಲಿನ ಕೆಲಸಗಳನ್ನು ವಾಪಸು ಕಳಿಸಿದ. ಇವತ್ತು ಬೆಳಿಗ್ಗೆ ಪೌಡರು ಸವರುತ್ತಾ, "ಇದೇ ಕೊನೆ. ಇವತ್ತೂ ಸೋರಿದ್ರೆ ವೆಲ್ಡಿಂಗ್ ಸೆಟ್ಟು ಆ ಗ್ಯಾರೇಜಿನವನಿಗೆ ಕೊಟ್ಟುಬಿಡ್ತೀನಿ. ಸಾಯಂಕಾಲ ಬಾ ಅಂತ ಹೇಳಿಯೂ ಆಯ್ತು," ಎಂದಿದ್ದ.

ಹೊರಗೆ ನೀರು ನಿಂತಿತು. ಹನಿ ಬಂದ ದಾರಿ ಹುಡುಕುತ್ತಾ ದರ್ಜಿ ಟಾರ್ಚು ಆರಿಸಿ ತಲೆಯೆತ್ತಿದ. ಅದೇ ಗಳಿಗೆಗೆ ಮೋಡ ಸರಿಯಿತು. ಸರಿಸಬೇಕಾದವನು ಸರಿಸಿದ ಎನ್ನಬೇಕು.

ತಲೆಯ ಮೇಲೆ ಹಾಡಹಗಲಲ್ಲೇ ನಕ್ಷತ್ರಗಳು! ನೂರಾರು, ಒಂದರ ಪಕ್ಕ ಒಂದು, ದಾರ ಹಿಡಿದು ಎಳೆದಂತೆ ನಾಲ್ಕು ನೇರ ಸಾಲು. ಅಷ್ಟು ನೇರ ಹೊಲಿಯುವ ಕೈ ಆ ಬೀದಿಯಲ್ಲಿ ಒಂದೇ ಇತ್ತು. ಒಂದೊಂದು ಚುಕ್ಕಿಯೂ ಒಂದೊಂದು ಸೂಜಿತೂತು. ಅದರಿಂದ ಒಸರಿದ ನೀರು ಹೊಲಿಗೆಯ ಮಡಿಕೆಯೊಳಗೇ ಕಳ್ಳನಂತೆ ಹರಿದು, ಚೌಕಟ್ಟಿನ ಬಳಿ ಹೋಗಿ ತೊಟ್ಟಿಕ್ಕುತ್ತಿತ್ತು. ಪ್ಯಾಂಟಿನ ಹೊಲಿಗೆ ಬಿಚ್ಚಿಕೊಂಡರೆ ಮೇಲೊಂದು ಸಾಲು ಹಾಕು, ಅಂಗಿ ಸಡಿಲವಾದರೆ ಮೇಲೊಂದು ಸಾಲು ಹಾಕು: ಮೂವತ್ತು ವರ್ಷ ಕೈಗೆ ಅದೇ ಅಭ್ಯಾಸ. ಗಟ್ಟಿ ಮಾಡುತ್ತೇನೆಂದು ಹೊಲಿದಷ್ಟೂ ಅವನು ಮಳೆಗೆ ಬಾಗಿಲು ತೆರೆದುಕೊಡುತ್ತಾ ಹೋಗಿದ್ದ.

ಪೌಡರಿನ ಮೇಲೆ ಒದ್ದೆ ಬೆರಳಿಂದ ಒಂದೇ ಒಂದು ಗೆರೆ ಎಳೆದರೆ ಸಾಕು, ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಎಲ್ಲಿಂದಲೋ ಬಂತು. ಛೇ ಎಂದುಕೊಂಡು ನೋಡಿದರೆ, ಬೆರಳು ಆಗಲೇ ಚೌಕಟ್ಟಿನ ಹತ್ತಿರ ಹೋಗಿತ್ತು. ಅದು ತನ್ನದೇ ಬೆರಳು. ತೂತುಗಳನ್ನು ಕಂಡಾಗ ಅಷ್ಟು ಬೆಚ್ಚದವನು ಈಗ ಬೆಚ್ಚಿಬಿದ್ದು ಬಾಗಿಲು ದೂಡಿಕೊಂಡು ಹೊರಗೆ ಬಂದ.

"ಗೆರೆ ಎಲ್ಲಿದೆ? ಎಡಕ್ಕೋ, ಬಲಕ್ಕೋ?" ಕೂತಲ್ಲಿಂದಲೇ ವೆಲ್ಡರ್ ಕೇಳಿದ.

"ನೀವೇ ಒಳಗೆ ಕೂತು ನೋಡಿ ಭಾವ."

"ನೋಡೋದಕ್ಕೆ ನನ್ನನ್ನ ಕಳಿಸ್ತೀಯಲ್ಲಯ್ಯಾ. ಒಳ್ಳೆ ತಮಾಷೆ."

"ಕೆಳಗಲ್ಲ. ಮೇಲೆ ನೋಡಿ."

ವೆಲ್ಡರ್ ಮೊಣಕಾಲು ಹಿಡಿದುಕೊಂಡು ಒಳಗೆ ಇಳಿದ. ಬಾಗಿಲು ಮುಚ್ಚಿತು.

"ಮುಖ ಯಾಕ್ರೀ ಸುಣ್ಣ ಬಳಿದ ಹಾಗಾಗಿದೆ?" ಎಂದಳು ಹೆಂಡತಿ.

"ಸೋರಿಸಿದ್ದು ನಾನೇ ಕಣೇ. ನನ್ನ ಸೂಜಿತೂತು, ಎಲ್ಲಾ."

ಪೈಪು ಅವಳ ಕೈಯಿಂದ ಜಾರಿತು. ಗಂಡನನ್ನು ಒಂದು ಕ್ಷಣ ದಿಟ್ಟಿಸಿದಳು. "ತೂತಿಗೇನು, ಮೇಣ ತಿಕ್ಕಿ ಇಸ್ತ್ರಿ ಆಡಿಸಿದ್ರೆ ಮುಚ್ಚಿಕೊಳ್ಳುತ್ತೆ. ನೀವಾಡಿದ ಮಾತಿಗೆ ಏನು ತಿಕ್ತೀರಿ?"

ದರ್ಜಿ ಕಾರಿನತ್ತ ತಿರುಗಿದ. ಬೈಗುಳ ಬರಲಿ, ಆ ಟಾಪನ್ನೇ ಕಿತ್ತು ಮುಖಕ್ಕೆ ಎಸೆಯಲಿ ಎಂದು ಕಾದ. ತುಂಬ ಹೊತ್ತಾದ ಮೇಲೆ ಒಳಗಿನಿಂದ ಧ್ವನಿ ಬಂತು, ಕನಸಿನಲ್ಲಿ ಮಾತಾಡಿದ ಹಾಗೆ.

"ಅಂಗುಲಕ್ಕೆ ಎಂಟು ತೂತು, ಟೈಲರೇ. ಮೂರನೇ ಸಾಲಲ್ಲಿ, ಹಿಂದೆ ಮೂಲೆಗೆ, ಒಂದು ಹೊಲಿಗೆ ಬಿಟ್ಟುಹೋಗಿದೆ." ಕ್ಯಾನ್ವಾಸನ್ನು ಒಳಗಿನಿಂದ ಒಂದು ಬೆರಳು ಒತ್ತಿತು. "ಒಂದೊಂದೂ ಕಾಣ್ತಿದೆ ಕಣಯ್ಯಾ ನನಗೆ. ಒಂದೊಂದೂ!"