ಅದೇ ಕಂಪ್ಯೂಟರು

ಪಿಂಚಣಿ ಕಚೇರಿಯ ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡ್ ಕೂರಿಸಿ, ಆಪರೇಟಿಂಗ್ ಸಿಸ್ಟಮ್ಮನ್ನು ಮತ್ತೆ ಹಾಕಿದ್ದಾಯಿತು. ಆದರೆ ‘ಇದು ಬೇರೆ ಕಂಪ್ಯೂಟರು, ಹಳೇ ಲೈಸೆನ್ಸ್ ನಡೆಯದು’ ಎಂದು ಅದು ಹಟ ಹಿಡಿಯಿತು. ಗುಮಾಸ್ತ ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿ ಅಂಗಲಾಚಿದ.

“ಅದೇ ಕಂಪ್ಯೂಟರ್ ಸಾರ್! ಒಳಗಡೆ ಬೋರ್ಡ್ ಒಂದು ಬದಲಾಗಿದೆ, ಅಷ್ಟೇ. ಬೇಕಾದ್ರೆ ಇಲ್ಲಿರೋರನ್ನೇ ಕೇಳಿ.”

ಪಿಂಚಣಿಗೆ ಹೆಬ್ಬೆಟ್ಟು ಒತ್ತಲು ಮೂರು ದಿನದಿಂದ ಕಾಯುತ್ತಿದ್ದ ಪುಟ್ಟಮಾದಮ್ಮ ಫೋನಿಗೆ ಬಾಯಿ ಹಚ್ಚಿ ಕೂಗಿದಳು: “ಅದೇ ಕಣಪ್ಪ! ಆರು ವರ್ಸದಿಂದ ನೋಡ್ತಾವ್ನಿ.”

ಕಂಪನಿಯವರು ನಂಬಿದರು. ಕಂಪ್ಯೂಟರು ಚಾಲೂ ಆಯಿತು. ಖುಷಿಯಾದ ಗುಮಾಸ್ತ ಮೊದಲು ಅವಳನ್ನೇ ಕರೆದ. ಪಾತ್ರೆ ತಿಕ್ಕಿ ಸವೆದ ಹೆಬ್ಬೆಟ್ಟನ್ನು ಅವಳು ಬೆರಳಚ್ಚು ಯಂತ್ರದ ಮೇಲೆ ಮೂರು ಸಲ ಒತ್ತಿದಳು. ಮೂರು ಸಲವೂ ಕೆಂಪು ದೀಪ.

“ನಾನೇ ಕಣಪ್ಪ. ನಿಂಗೊತ್ತಿಲ್ವಾ?”

“ನಂಗೊತ್ತು ಅಜ್ಜಿ. ಆದ್ರೆ ನೀನು ನೀನೇ ಅಂತ ಕಂಪ್ಯೂಟರ್ ಒಪ್ಬೇಕಲ್ಲ.”